‘ಮೂರಿಷ್’ ಎಂಬ ಹೆಸರೂ ಕರ್ನಾಟಕದ ಖಚಿತ ಕಾಷ್ಠಕಲೆಯೂ

೧

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ ಕೊಕ್ಕಡವು ಅಲ್ಲಿಯ ವೈದ್ಯನಾಥೇಶ್ವರ ದೇವಾಲಯದಿಂದಲೂ, ಸಮೀಪದ ಸೌತಡ್ಕದಲ್ಲಿ ಗುಡಿಯಿಲ್ಲದೆ ಬಯಲಿನಲ್ಲಿಯೇ ಪೂಜೆಗೊಳ್ಳುವ ಮಹಾಗಣಪತಿಯಿಂದಲೂ ಭಕ್ತರಿಗೆ ಪರಿಚಿತವಾದ ಊರು. ಇತಿಹಾಸದ ವಿದ್ಯಾರ್ಥಿಗೆ ಈ ಸೀಮೆಯ ಮಹತ್ವವು ಇನ್ನೊಂದು ಕಾರಣಕ್ಕಾಗಿಯೂ ಇದೆ. ಇಲ್ಲಿಂದ ಶಿಶಿಲ, ಶಿಬಾಜೆಗಳ ಕಡೆಗೆ ಹೋದಂತೆ ನೆಲ ಏರುತ್ತ ಪಶ್ಚಿಮಘಟ್ಟದ ದಟ್ಟವಾದ ಕಾಡನ್ನು ಸೇರುತ್ತದೆ. ಬೀಟೆ, ಹೊನ್ನೆ, ಮತ್ತಿ, ಹೆಬ್ಬಲಸು ಮೊದಲಾದ ಬೆಲೆಬಾಳುವ ಮರಗಳಿಗೆ ಘಟ್ಟದ ಈ ಕಾಡುಗಳು ತವರು. ಅವುಗಳಲ್ಲಿ ಬೀಟೆಗೆ ವಿಶೇಷ ಸ್ಥಾನ. ಕಪ್ಪು ಕಲೆತ ನೇರಿಳೆ ಬಣ್ಣ, ಬಿಗಿಯಾದ ಎಳೆ, ಉಜ್ಜಿದಷ್ಟೂ ಹೊಳೆಯುವ ಮೈ—ಈ ಗುಣಗಳಿಂದಾಗಿ ಅದು ಬಡಗಿಗೂ ಒಡೆಯನಿಗೂ ಸಮಾನವಾಗಿ ಪ್ರಿಯವಾಗಿದೆ.

ಈ ಒಂದೇ ಮರ ಘಟ್ಟದ ಎರಡು ಮಗ್ಗುಲುಗಳಲ್ಲಿ ಎರಡು ಬಗೆಯ ಕಲೆಗಳಿಗೆ ಒಡಲಾಯಿತು. ಘಟ್ಟದ ಮೇಲೆ, ಮೈಸೂರಿನಲ್ಲಿ, ಬೀಟೆಯ ಮೈಯನ್ನು ತೋಡಿ ಅದರೊಳಗೆ ದಂತವನ್ನೂ ಬೇರೆ ಬಣ್ಣದ ಮರಗಳನ್ನೂ ಕೂಡಿಸಿದರು. ಘಟ್ಟದ ಕೆಳಗೆ, ತುಳುನಾಡಿನಲ್ಲಿ, ಮರದ ಮೈಯಿಂದಲೇ ರೂಪವನ್ನು ಬಿಡಿಸಿ ತೆಗೆದರು. ಮೊದಲನೆಯದು ಖಚಿತ ಕೆಲಸ, ಎರಡನೆಯದು ಕೆತ್ತನೆ. ಖಚಿತ ಕೆಲಸದ ಪೀಠೋಪಕರಣಗಳನ್ನೂ ಅಲಂಕಾರದ ವಸ್ತುಗಳನ್ನೂ ಯೂರೋಪಿನ ವ್ಯಾಪಾರಿಗಳು ಬಹುಕಾಲದಿಂದ ‘ಮೂರಿಷ್’, ಎಂದರೆ ಮೂರ್ ಜನರ ಶೈಲಿಯವು, ಎಂದು ಕರೆಯುವುದುಂಟು. ಈ ಹೆಸರಿನ ಅರ್ಥವೇನು, ಅದು ಕರ್ನಾಟಕದ ವಸ್ತುಗಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ, ಮತ್ತು ಮರವೂ ಪರದೇಶದ ಸಂಪರ್ಕವೂ ಎರಡೂ ಇದ್ದ ತುಳುನಾಡಿನಲ್ಲಿ ಈ ಕಲೆ ಬೇರೂರದೆ ಹೋದದ್ದೇಕೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

೨

ಮೊದಲು ಹೆಸರಿನ ವಿಚಾರ. ಉತ್ತರ ಆಫ್ರಿಕದ ಪಶ್ಚಿಮ ಭಾಗವನ್ನು ರೋಮನರು ಮೌರಿಟಾನಿಯ ಎಂದು ಕರೆದರು. ಅಲ್ಲಿಯ ಜನ ಅವರಿಗೆ ‘ಮೌರಿ’ಗಳಾದರು. ೭೧೧ರಲ್ಲಿ ಮುಸಲ್ಮಾನರ ಸೈನ್ಯವು ಆಫ್ರಿಕದಿಂದ ಸ್ಪೇನಿಗೆ ದಾಟಿದ ಮೇಲೆ ಆ ದೇಶದ ಮುಸಲ್ಮಾನರೆಲ್ಲರಿಗೂ ಈ ಹೆಸರು ಅಂಟಿಕೊಂಡಿತು. ೧೪೯೨ರಲ್ಲಿ ಗ್ರನಾಡ ಕ್ರೈಸ್ತ ಅರಸರ ವಶವಾಗುವವರೆಗೆ, ಸುಮಾರು ಎಂಟು ಶತಮಾನಗಳ ಕಾಲ, ಅಲ್ಲಿ ಬೆಳೆದ ಕಲೆಯೇ ಮೂಲಾರ್ಥದಲ್ಲಿ ‘ಮೂರಿಷ್’ ಕಲೆ.

ಆ ಕಲೆಯಲ್ಲಿ ಖಚಿತ ಕಾಷ್ಠಕರ್ಮವು ಅತ್ಯುನ್ನತ ಮಟ್ಟವನ್ನು ಮುಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ. ಮರಾಕೇಷ್ ನಗರದ ಕುತುಬಿಯ್ಯ ಮಸೀದಿಗೆ ಸೇರಿದ ಉಪದೇಶಪೀಠವು ಇದಕ್ಕೆ ಶ್ರೇಷ್ಠ ನಿದರ್ಶನ. ೧೧೩೭ರಲ್ಲಿ ಸ್ಪೇನಿನ ಕಾರ್ಡೋಬದಲ್ಲಿ ಅದರ ಕೆಲಸ ಆರಂಭವಾಯಿತು. ಎಲುಬಿನ ಚೂರುಗಳನ್ನೂ ಬಗೆಬಗೆಯ ಬಣ್ಣದ ಮರದ ತುಂಡುಗಳನ್ನೂ ಹೊಂದಿಸಿ, ನಕ್ಷತ್ರಗಳೂ ಬಹುಕೋನಗಳೂ ಒಂದರೊಳಗೊಂದು ಹೆಣೆದುಕೊಂಡು ಸಾಗುವಂತೆ ಅದನ್ನು ರಚಿಸಿದ್ದಾರೆ. ಗ್ರನಾಡ ಬಿದ್ದ ಮೇಲೆಯೂ ಈ ಕಸುಬು ಅಳಿಯಲಿಲ್ಲ. ಒಡೆಯರ ಮತ ಬದಲಾದರೂ ಪೆಟ್ಟಿಗೆಗಳಿಗೂ ಬರವಣಿಗೆಯ ಮೇಜುಗಳಿಗೂ ಅದೇ ಬಗೆಯ ಅಲಂಕಾರ ಮುಂದುವರಿಯಿತು.

ಮುಂದೆ ಈ ಪದದ ವ್ಯಾಪ್ತಿ ಎರಡು ಸಲ ಹಿಗ್ಗಿತು. ಸಮುದ್ರಮಾರ್ಗವಾಗಿ ಭಾರತಕ್ಕೆ ಬಂದ ಪೋರ್ಚುಗೀಸರು ತಾವು ಎಲ್ಲಿ ಮುಸಲ್ಮಾನರನ್ನು ಕಂಡರೂ ಅವರನ್ನು ‘ಮೋರೊ’ಗಳೆಂದು ಕರೆದರು. ಹದಿನಾರನೆಯ ಶತಮಾನದ ಆದಿಯಲ್ಲಿ ನಮ್ಮ ಕರಾವಳಿಯನ್ನು ಕುರಿತು ಬರೆದ ದುವಾರ್ತೆ ಬಾರ್ಬೋಸನ ಗ್ರಂಥದಲ್ಲಿ ಭಟ್ಕಳ, ಮಂಗಳೂರುಗಳ ಮುಸಲ್ಮಾನ ವರ್ತಕರು ಈ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತಾರೆ. ಸ್ಪೇನನ್ನು ಕನಸಿನಲ್ಲಿಯೂ ಕಾಣದವರು ಹೀಗೆ ‘ಮೂರ’ರಾದರು. ಎರಡನೆಯ ಹಿಗ್ಗುವಿಕೆ ಹತ್ತೊಂಬತ್ತನೆಯ ಶತಮಾನದ್ದು. ಗ್ರನಾಡದ ಅಲ್‌ಹಂಬ್ರ ಅರಮನೆಯ ಮೋಹ ಯೂರೋಪಿನಲ್ಲಿ ಹಬ್ಬಿತು. ೧೮೫೪ರಲ್ಲಿ ಲಂಡನ್ ಬಳಿಯ ಸಿಡನ್‌ಹ್ಯಾಮಿನಲ್ಲಿ ಪುನಃ ತೆರೆದ ಸ್ಫಟಿಕ ಅರಮನೆಯಲ್ಲಿ ಓವನ್ ಜೋನ್ಸನು ಅದರ ಅನುಕೃತಿಯೊಂದನ್ನೇ ನಿಲ್ಲಿಸಿದನು. ಶ್ರೀಮಂತರ ಮನೆಗಳಲ್ಲಿ ‘ಮೂರಿಷ್’ ಕೋಣೆಗಳು ಹುಟ್ಟಿಕೊಂಡವು. ಅವುಗಳನ್ನು ತುಂಬಲು ಡಮಾಸ್ಕಸಿನ ಮುತ್ತಿನಚಿಪ್ಪಿನ ಕುರ್ಚಿ, ಕೈರೋ ನಗರದ ಜಾಲಂಧ್ರ, ಭಾರತದ ದಂತಖಚಿತ ಪೆಟ್ಟಿಗೆ ಎಲ್ಲವೂ ಒಂದೇ ಹೆಸರಿನಲ್ಲಿ ಮಾರಾಟವಾದವು. ಹೀಗೆ ಒಂದು ದೇಶದ ಹೆಸರಾಗಿದ್ದುದು ಜನದ ಹೆಸರಾಗಿ, ಜನದ ಹೆಸರಾಗಿದ್ದುದು ಅಂಗಡಿಯ ಹೆಸರಾಯಿತು.

೩

ಆದರೆ ಮೂಲಾರ್ಥದ ‘ಮೂರ’ರ ನಾಡಿಗೂ ತುಳುನಾಡಿಗೂ ಸಂಬಂಧವೇ ಇರಲಿಲ್ಲವೆಂದು ಭಾವಿಸುವುದು ತಪ್ಪಾದೀತು. ಆ ಸಂಬಂಧವು ಪೋರ್ಚುಗೀಸರಿಗಿಂತ ಸುಮಾರು ಮುನ್ನೂರೈವತ್ತು ವರ್ಷಗಳಷ್ಟು ಹಳೆಯದು.

ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ದೊರೆತ ಗೆನೀಜಾ ಪತ್ರಸಮೂಹವನ್ನು ಎಸ್. ಡಿ. ಗಾಯ್ಟೈನ್ ಮೊದಲಾದ ವಿದ್ವಾಂಸರು ಶೋಧಿಸಿದುದರ ಫಲವಾಗಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಚರಿತ್ರೆ ಬೆಳಕಿಗೆ ಬಂದಿದೆ. ಇವನು ಈಗಿನ ಟ್ಯೂನಿಸಿಯದ ಮಹ್ದಿಯ್ಯ ನಗರದವನು. ಮತದಿಂದ ಯೆಹೂದಿ, ನಾಡಿನಿಂದ ಮಘ್ರಿಬದವನು. ೧೧೩೨ರಿಂದ ೧೧೪೯ರವರೆಗಿನ ಅವಧಿಯ ಬಹುಭಾಗವನ್ನು ಭಾರತದ ಪಶ್ಚಿಮ ಕರಾವಳಿಯಲ್ಲಿ ಕಳೆದನು. ೧೧೩೨ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ದಾಖಲೆ ಉಳಿದಿದೆ. ಬೊಮ್ಮ ಎಂಬವನು ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸುತ್ತಿದ್ದನು.

ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಸಂಗತಿಯೆಂದರೆ ಬೆನ್ ಯಿಜು ಈ ತೀರದಲ್ಲಿ ಕಂಚಿನ ಕಾರ್ಯಾಗಾರವೊಂದನ್ನು ನಡೆಸುತ್ತಿದ್ದನೆಂಬುದು. ಏಡನ್ನಿನ ವರ್ತಕರು ಮುರಿದ ತಾಮ್ರದ ಪಾತ್ರೆಗಳನ್ನೂ ಲೋಹವನ್ನೂ ಅವನಿಗೆ ಕಳುಹಿಸಿ, ತಮಗೆ ಬೇಕಾದ ದೀಪ, ತಟ್ಟೆ, ಬೋಗುಣಿಗಳನ್ನು ಹೇಗೆ ಮಾಡಿಸಬೇಕೆಂದು ವಿವರವಾಗಿ ಬರೆಯುತ್ತಿದ್ದರು. ಒಂದು ಪತ್ರದಲ್ಲಿ ದೀಪದ ಕಂಬಕ್ಕೆ ಎಂಟು ಮೂಲೆಗಳಿರಬೇಕು, ಕಾಲುಗಳು ಗಟ್ಟಿಯಾಗಿರಬೇಕು, ಮೇಲಿನ ಹಣತೆಯಲ್ಲಿ ಎರಡು ಬತ್ತಿಗಳಿಗೆ ಅವಕಾಶವಿರಬೇಕು ಎಂಬ ಸೂಚನೆಯನ್ನು ಕಾಣುತ್ತೇವೆ. ಲೋಹ ಏಡನ್ನಿನದು, ಆಕಾರ ಅರಬ್ಬೀ ಗೃಹಸ್ಥನ ಅಭಿರುಚಿಯದು, ಮಾಡಿಸಿದವನು ಮಘ್ರಿಬದವನು, ಎರಕ ಹೊಯ್ದು ಉಳಿ ಹಿಡಿದ ಕೈ ಮಾತ್ರ ಈ ತೀರದ ಕಂಚುಗಾರನದು. ಅಂಥ ದೀಪವೊಂದು ಈಗ ದೊರೆತಿದ್ದರೆ ವಸ್ತುಸಂಗ್ರಹಾಲಯದವರು ಅದಕ್ಕೆ ಯಾವ ಹೆಸರನ್ನು ಕೊಡುತ್ತಿದ್ದರು? ಬಹುಶಃ ಕೊಂಡವನ ನಾಡಿನ ಹೆಸರನ್ನೇ. ವಸ್ತುಗಳ ಶೈಲಿಗೆ ಹೆಸರಿಡುವವನು ಸಾಮಾನ್ಯವಾಗಿ ಕೊಳ್ಳುವವನೇ ಹೊರತು ಮಾಡುವವನಲ್ಲ ಎಂಬ ಅಂಶವನ್ನು ಇಲ್ಲಿಯೇ ಗಮನಿಸತಕ್ಕದ್ದು.

ಇದಾದ ಎರಡು ಶತಮಾನಗಳ ತರುವಾಯ, ೧೩೪೨ರ ಸುಮಾರಿಗೆ, ಮೊರಾಕ್ಕೊ ದೇಶದ ಟ್ಯಾಂಜಿಯರಿನಲ್ಲಿ ಹುಟ್ಟಿದ ಇಬ್ನ್ ಬತೂತನು ಮಂಗಳೂರಿಗೆ ಬಂದನು. ಫಾರ್ಸ್ ಮತ್ತು ಯೆಮನ್ ದೇಶಗಳ ದೊಡ್ಡ ವರ್ತಕರು ಅಲ್ಲಿಗೆ ಬರುತ್ತಿದ್ದರೆಂದೂ, ಮೆಣಸು ಶುಂಠಿಗಳು ಹೇರಳವಾಗಿದ್ದುವೆಂದೂ, ಸುಮಾರು ನಾಲ್ಕು ಸಾವಿರ ಮುಸಲ್ಮಾನರು ಊರಿನ ಪಕ್ಕದ ಪೇಟೆಯಲ್ಲಿ ನೆಲೆಸಿದ್ದರೆಂದೂ ಅವನು ಬರೆದಿದ್ದಾನೆ. ಊರವರಿಗೂ ಅವರಿಗೂ ಜಗಳವಾದಾಗ ವರ್ತಕರ ಅಗತ್ಯವನ್ನು ಅರಿತಿದ್ದ ಅರಸನು ಸಂಧಿ ಮಾಡಿಸುತ್ತಿದ್ದನಂತೆ. ಜನನದಿಂದ ನಿಜವಾಗಿಯೂ ‘ಮೂರ’ನೆಂದು ಕರೆಯಬಹುದಾದ ಒಬ್ಬನು ತುಳುನಾಡನ್ನು ಕಂಡು ಬರೆದ ವೃತ್ತಾಂತ ಇದಾಗಿದೆ. ಸಂಪರ್ಕದ ಅಭಾವದಿಂದ ಖಚಿತಕಲೆ ಇಲ್ಲಿ ಬೆಳೆಯಲಿಲ್ಲವೆಂಬ ವಾದಕ್ಕೆ ಇದರಿಂದ ಆಸ್ಪದವಿಲ್ಲದಂತಾಯಿತು.

೪

ಕರ್ನಾಟಕದಲ್ಲಿಯೂ ಅದರ ನೆರೆಯಲ್ಲಿಯೂ ಖಚಿತಕಲೆ ನೆಲೆಗೊಂಡ ಸ್ಥಳಗಳಲ್ಲಿ ಮೂರು ಮುಖ್ಯ: ಬೀದರ್, ಗೋವೆ, ಮೈಸೂರು. ಮೂರೂ ರಾಜಧಾನಿಗಳಾಗಿದ್ದುವೆಂಬುದು ಆಕಸ್ಮಿಕವಲ್ಲ.

ಬೀದರಿನಲ್ಲಿ ಈ ಕಲೆ ಮರಕ್ಕಿಂತ ಹೆಚ್ಚಾಗಿ ಕಲ್ಲಿನಲ್ಲಿಯೂ ಲೋಹದಲ್ಲಿಯೂ ಸಿದ್ಧಿಯನ್ನು ಪಡೆಯಿತು. ಕೋಟೆಯೊಳಗಿನ ರಂಗೀನ್ ಮಹಲಿಗೆ ಆಲಿ ಬರೀದನು (೧೫೪೨–೧೫೮೦) ಈಗಿನ ಅಲಂಕಾರವನ್ನು ಮಾಡಿಸಿದನು. ಕಡುಗಪ್ಪು ಕಲ್ಲನ್ನು ಕೊರೆದು ಅದರೊಳಗೆ ಮುತ್ತಿನಚಿಪ್ಪನ್ನು ಕೂಡಿಸಿ ಬಳ್ಳಿಗಳನ್ನೂ ಪಾರಸೀ ಪದ್ಯಗಳನ್ನೂ ಮೂಡಿಸಿರುವ ಕೆಲಸವನ್ನು ಇಂದಿಗೂ ನೋಡಬಹುದು. ಅದೇ ಮಹಲಿನ ಮರದ ಕಂಬಗಳು ಮಾತ್ರ ಕೆತ್ತನೆಯವು. ಬೀದರಿ ಪಾತ್ರೆಗಳಲ್ಲಿ ಸತುವು ಹೆಚ್ಚಾಗಿಯೂ ತಾಮ್ರ ಸ್ವಲ್ಪವಾಗಿಯೂ ಬೆರೆತ ಎರಕದ ಮೈಯನ್ನು ಉಳಿಯಿಂದ ಗೀರಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳ್ಳಗಿರುತ್ತದೆ. ಕಪ್ಪು ನೆಲದ ಮೇಲೆ ಬಿಳಿಯ ಚಿತ್ರವೆಂಬ ತತ್ತ್ವವೇ ಇಲ್ಲಿಯೂ ಇದೆ. ಆದರೆ ಇದು ಇರಾನಿನ ಸಂಪರ್ಕವಿದ್ದ ದಖ್ಖನಿನ ಸುಲ್ತಾನರ ಆಸ್ಥಾನದ ಕಲೆ. ಸ್ಪೇನಿನ ಹೆಸರು ಇದಕ್ಕೆ ಒಪ್ಪುವುದಿಲ್ಲ.

ಗೋವೆಯನ್ನು ಪೋರ್ಚುಗೀಸರು ೧೫೧೦ರಲ್ಲಿ ಗೆದ್ದರು. ಮೂರರ ಕಲೆಯ ಬಳುವಳಿ ಅವರ ದೇಶದಲ್ಲಿ ಉಳಿದಿದ್ದಿತು. ಅನೇಕ ಖಾನೆಗಳ ‘ಕಂತದೋರ್’ ಎಂಬ ಪೆಟ್ಟಿಗೆಯನ್ನು ಅವರು ಇಷ್ಟಪಡುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಗೋವೆಯ ಕುಶಲಿಗಳು ತೇಗದ ಮೇಲೆ ಕರಿಮರವನ್ನೂ ದಂತವನ್ನೂ ಕೂಡಿಸಿ ರಚಿಸಿದ ಇಂಥ ಪೆಟ್ಟಿಗೆಗಳು ಲಂಡನ್, ಲಿಸ್ಬನ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದನ್ನೊಂದು ಕತ್ತರಿಸುವ ವೃತ್ತಗಳ ಜಾಲ ಅವುಗಳ ಮೈತುಂಬ ಹರಡಿರುವುದನ್ನು ನೋಡಿದರೆ ಕಾರ್ಡೋಬದ ನೆನಪಾಗುವುದು ಸಹಜವೇ. ಆದರೆ ಪೆಟ್ಟಿಗೆಯ ಕಾಲುಗಳತ್ತ ದೃಷ್ಟಿ ಹಾಯಿಸಿದರೆ ಬೇರೊಂದು ಲೋಕ ಕಾಣಿಸುತ್ತದೆ: ಅನೇಕ ಪೆಟ್ಟಿಗೆಗಳನ್ನು ಹೊತ್ತು ನಿಂತಿರುವವರು ನಾಗಿನಿಯರು. ಮೇಲಿನ ಲೆಕ್ಕಾಚಾರದ ವೃತ್ತಗಳು ಕೊಳ್ಳುವವನಿಗೆ ಸಲ್ಲುವುವಾದರೆ, ಕೆಳಗಿನ ನಾಗಿನಿ ಮಾಡಿದವನ ರುಜುವಾಗಿದ್ದಾಳೆ.

ಮೈಸೂರಿನ ಖಚಿತ ಕೆಲಸದ ರೀತಿಯೇ ಬೇರೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು, ಅದರ ಒಂದೊಂದು ಭಾಗಕ್ಕೂ ತಕ್ಕ ಬಣ್ಣದ ಮರವನ್ನು ಆರಿಸಿ ತೆಳುವಾದ ಗರಗಸದಿಂದ ಕೊಯ್ಯುತ್ತಾರೆ. ಹಳದಿಗೆ ಹಲಸು, ಕೆಂಪಿಗೆ ಬೇರೊಂದು, ಬಿಳುಪಿಗೆ ಮತ್ತೊಂದು. ಸಾಧ್ಯವಿದ್ದಷ್ಟು ಮಟ್ಟಿಗೆ ಬಣ್ಣ ಹಚ್ಚದೆ ಮರದ ಸ್ವಂತ ವರ್ಣವನ್ನೇ ಬಳಸುವುದು ಈ ಕಸುಬಿನ ಮರ್ಯಾದೆ. ಅನಂತರ ಬೀಟೆಯ ಹಲಗೆಯಲ್ಲಿ ಅದೇ ಆಕಾರದ ಗುಳಿಯನ್ನು ಉಳಿಯಿಂದ ತೋಡಿ, ತುಂಡುಗಳನ್ನು ಅಂಟಿನಿಂದ ಕೂಡಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಹಿಂದೆ ಬಿಳುಪಿಗೆ ದಂತವೇ ಪ್ರಧಾನವಾಗಿತ್ತು. ದಂತದ ಮೇಲೆ ಸೂಕ್ಷ್ಮವಾದ ಗೆರೆಗಳನ್ನು ಕೊರೆದು ಕಪ್ಪು ತುಂಬಿ ಕಣ್ಣು ಮೂಗುಗಳನ್ನೂ ಉಡುಗೆಯ ನಿರಿಗೆಯನ್ನೂ ತೋರಿಸುತ್ತಿದ್ದರು.

ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಕರಿಮರಕ್ಕೆ ದಂತವನ್ನು ಕೂಡಿಸಿದ ಬಾಗಿಲುಗಳಿವೆ. ೧೮೪೮ರಿಂದ ೧೮೫೬ರವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿ ಅವನ್ನು ಅರ್ಪಿಸಿದನೆಂದು ಪ್ರಸಿದ್ಧಿ. ೧೮೯೭ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನನ ಯೋಜನೆಯಂತೆ ಈಗಿನ ಅರಮನೆ ೧೯೧೨ರಲ್ಲಿ ಪೂರ್ತಿಯಾಯಿತು. ಅದರ ಅಂಬಾವಿಲಾಸದ ದಂತಖಚಿತವಾದ ಬೀಟೆಯ ಬಾಗಿಲು ಈ ಕಲೆಯ ಅತ್ಯುತ್ತಮ ಮಾದರಿಗಳಲ್ಲೊಂದು. ಆ ಅರಮನೆಯನ್ನು ‘ಇಂಡೋ-ಸಾರಸೆನಿಕ್’ ಎಂದು ಕರೆಯುವುದೂ ‘ಮೂರಿಷ್’ ಎಂಬಂತೆಯೇ ಹೊರಗಿನವರಿಟ್ಟ ಹೆಸರು. ಒಳಗಿನ ವಸ್ತುಗಳನ್ನು ನೋಡಿದರೆ ಬೇರೆಯ ಮಾತನ್ನೇ ಹೇಳಬೇಕಾಗುತ್ತದೆ. ಮೈಸೂರಿನ ಖಚಿತ ಕೆಲಸದಲ್ಲಿ ನಕ್ಷತ್ರ ಬಹುಕೋನಗಳಿಗೆ ಪ್ರಾಧಾನ್ಯವಿಲ್ಲ. ಹೂಬಳ್ಳಿ, ಆನೆ, ದೇವತೆಗಳು, ದಸರೆಯ ಮೆರವಣಿಗೆ, ಹಳ್ಳಿಯ ಬದುಕು, ಇವೇ ಅದರ ವಸ್ತು. ಈ ಕಸುಬಿನಲ್ಲಿ ತಲೆಮಾರುಗಳಿಂದ ತೊಡಗಿದವರಲ್ಲಿ ಮೈಸೂರು ನಗರದ ಮುಸಲ್ಮಾನ ಕುಟುಂಬಗಳು ಅನೇಕ. ಮುಸಲ್ಮಾನ ಕುಶಲಿಯ ಕೈಯಲ್ಲಿ ಕೃಷ್ಣನೂ ಗಣಪತಿಯೂ ರೂಪುಗೊಂಡಿದ್ದಾರೆ. ಕಸುಬುದಾರನ ಮತವನ್ನು ನೋಡಿ ಶೈಲಿಗೆ ಹೆಸರಿಡುವ ಪದ್ಧತಿ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೫

ಇನ್ನು ತುಳುನಾಡಿನ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಇಲ್ಲಿಯ ಮರದ ಕೆಲಸ ಯಾವ ದೃಷ್ಟಿಯಿಂದಲೂ ಕಡಮೆಯದಲ್ಲ. ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರವನ್ನೂ, ಐವರು ಸೇರಿ ಕುದುರೆಯಾದ ಪಂಚನಾರೀತುರಗವನ್ನೂ ಬಿಡಿಸಿರುವ ಜಾಣ್ಮೆ ಪ್ರಸಿದ್ಧವಾಗಿದೆ. ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯ ತೇಗದ ಕಂಬಗಳೂ ಇದೇ ಕೆತ್ತನೆಯ ಸಂಪ್ರದಾಯದವು. ಜೈನ ಅರಸರ ಮನೆಯಲ್ಲಿಯೂ ಮುಸಲ್ಮಾನರ ಪ್ರಾರ್ಥನಾಮಂದಿರದಲ್ಲಿಯೂ ಮರವನ್ನು ಕೆತ್ತಿದರೇ ಹೊರತು ಅದರೊಳಗೆ ಬೇರೊಂದನ್ನು ಕೂಡಿಸಲಿಲ್ಲ. ಗೃಹಸ್ಥರ ಮನೆಯ ಪತ್ತಾಯ, ಕಲೆಂಬಿ, ಚೆನ್ನೆಮಣೆಗಳಲ್ಲಿಯೂ ಮರದ ಮೈಯೇ ಅಲಂಕಾರ. ಹೆಚ್ಚೆಂದರೆ ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಬೀಗದ ಸುತ್ತ ಹಿತ್ತಾಳೆಯ ತಗಡು.

ಇದಕ್ಕೆ ಹವೆಯೇ ಕಾರಣವೆಂದು ಮೊದಲ ನೋಟಕ್ಕೆ ತೋರಬಹುದು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಮಳೆಯಾದರೆ ದಕ್ಷಿಣ ಕನ್ನಡದಲ್ಲಿ ಸುಮಾರು ೪೦೦೦ ಮಿಲಿಮೀಟರ್ ಆಗುತ್ತದೆ. ಅದರ ಬಹುಭಾಗ ನಾಲ್ಕು ತಿಂಗಳಲ್ಲಿ. ಆ ತೇವದಲ್ಲಿ ಮರ ಉಬ್ಬಿ, ಬೇಸಗೆಯಲ್ಲಿ ಕುಗ್ಗಿದಾಗ ದಂತವೂ ಮರವೂ ಒಂದೇ ಪ್ರಮಾಣದಲ್ಲಿ ಅಲುಗುವುದಿಲ್ಲ. ಅಂಟು ಸಡಿಲಿ ತುಂಡುಗಳು ಕಳಚುತ್ತವೆ. ಕೆತ್ತನೆಗೆ ಈ ಭಯವಿಲ್ಲ. ಈ ಕಾರಣವನ್ನು ಅಲ್ಲಗಳೆಯಲಾಗದು. ಆದರೆ ಇದೊಂದೇ ಸಾಕಾಗುವುದೂ ಇಲ್ಲ. ಏಕೆಂದರೆ ಗೋವೆಯ ಮಳೆ ಇಲ್ಲಿಯದಕ್ಕಿಂತ ಬಹಳ ಕಡಮೆಯದಲ್ಲ, ಆದರೂ ಅಲ್ಲಿ ಖಚಿತಕಲೆ ಬೆಳೆಯಿತು.

ನಿರ್ಣಾಯಕವಾದ ಕಾರಣವನ್ನು ನಾವು ಆಶ್ರಯದಲ್ಲಿ ಹುಡುಕಬೇಕೆಂದು ತೋರುತ್ತದೆ. ಕೆತ್ತನೆಯನ್ನು ಒಬ್ಬ ಆಚಾರಿಯು ಒಡೆಯನ ಅಂಗಳದಲ್ಲಿಯೇ ಕುಳಿತು, ಅಲ್ಲಿಯ ಮರದಿಂದಲೇ ಮಾಡಿ ಮುಗಿಸಬಲ್ಲನು. ಖಚಿತ ಕೆಲಸಕ್ಕೆ ಹಾಗಲ್ಲ. ಚಿತ್ರ ಬರೆಯುವವನು, ಕೊಯ್ಯುವವನು, ತೋಡುವವನು, ಹೊಳಪು ಕೊಡುವವನು ಹೀಗೆ ಹಲವರು ಕೂಡಬೇಕು. ದಂತಕ್ಕೆ ಬಂಡವಾಳ ಬೇಕು. ಮಾಡಿದ್ದನ್ನು ತಪ್ಪದೆ ಕೊಳ್ಳುವ ಆಸ್ಥಾನವೋ ರಫ್ತಿನ ಪೇಟೆಯೋ ಬೇಕು. ಬೀದರಿಗೆ ಬಹಮನಿ ಮತ್ತು ಬರೀದಶಾಹಿ ಆಸ್ಥಾನಗಳೂ, ಗೋವೆಗೆ ಲಿಸ್ಬನ್ನಿನ ಹಡಗುಗಳೂ, ಮೈಸೂರಿಗೆ ಅರಮನೆಯೂ ಮುಂದೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೂ ಈ ಆಶ್ರಯವನ್ನು ಒದಗಿಸಿದುವು. ತುಳುನಾಡಿನಲ್ಲಿ ಚೌಟರು, ಬಂಗರು, ಅಜಿಲರು ಮೊದಲಾದ ಅರಸುಮನೆತನಗಳು ನಾಡನ್ನು ಹಂಚಿಕೊಂಡು ಆಳುತ್ತಿದ್ದುವು. ಅವರ ಸಂಪತ್ತು ಹೆಚ್ಚಾಗಿ ಬಸದಿ, ದೇವಾಲಯಗಳಿಗೆ ವಿನಿಯೋಗವಾಯಿತು. ೧೫೬೮ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರಾದರೂ ಅವರಿಗೆ ಬೇಕಾಗಿದ್ದುದು ಈ ನಾಡಿನ ಅಕ್ಕಿ, ಮೆಣಸು. ಪೆಟ್ಟಿಗೆಗೆ ಗೋವೆ ಇದ್ದೇ ಇತ್ತು. ಆದುದರಿಂದ ತುಳುನಾಡು ಖಚಿತಕಲೆಯನ್ನು ಅರಿಯದೆ ಬಿಟ್ಟಿತೆನ್ನುವುದಕ್ಕಿಂತ, ತನ್ನ ಮಳೆಗೂ ತನ್ನ ಸಮಾಜದ ರಚನೆಗೂ ಹೊಂದುವ ಕೆಲಸವನ್ನು ಆರಿಸಿಕೊಂಡಿತೆನ್ನುವುದು ಹೆಚ್ಚು ಯುಕ್ತವಾದೀತು.

೬

ಈ ವಿಚಾರ ಕೇವಲ ಹೆಸರಿನ ತರ್ಕವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದನ್ನು ಈಚಿನ ಸಂಗತಿಗಳು ತಿಳಿಸುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಆದ ತಿದ್ದುಪಡಿಗಳಿಂದ ಭಾರತದಲ್ಲಿ ದಂತದ ವ್ಯಾಪಾರ ನಿಂತಿತು. ಆನೆಯ ಉಳಿವಿಗೆ ಅದು ಅವಶ್ಯವಾಗಿತ್ತು. ಮೈಸೂರಿನ ಕುಶಲಿಗಳು ದಂತದ ಸ್ಥಾನಕ್ಕೆ ಬಿಳಿಯ ಮರವನ್ನೂ ಪ್ಲಾಸ್ಟಿಕ್ಕನ್ನೂ ತಂದುಕೊಂಡರು. ೨೦೧೭ರಿಂದ ಬೀಟೆಯ ಜಾತಿಯ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದದ ಮೇರೆಗೆ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿವೆ. ಮೈಸೂರಿನ ಬೀಟೆ ಖಚಿತ ಕೆಲಸಕ್ಕೆ ಭೌಗೋಳಿಕ ಸೂಚಿಯ ನೋಂದಣಿಯೂ ದೊರೆತಿದೆ. ಹೆಸರು ಕಾನೂನಿನ ವಿಷಯವಾಗಿರುವ ಈ ಕಾಲದಲ್ಲಿ, ಒಂದು ವಸ್ತುವನ್ನು ‘ಮೈಸೂರಿನದು’ ಎನ್ನುವುದಕ್ಕೂ ‘ಮೂರಿಷ್’ ಎನ್ನುವುದಕ್ಕೂ ಇರುವ ಅಂತರ ಕುಶಲಿಯ ಅನ್ನದ ಅಂತರವೇ ಆಗಿದೆ.

ಹಳೆಯ ವಸ್ತುಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಕೂಡುಕುಟುಂಬಗಳು ಒಡೆದು ಮನೆಗಳು ಹೊಸದಾಗುವಾಗ ಪೆಟ್ಟಿಗೆ, ಮಂಚ, ಕಂಬಗಳು ಮನೆಯಿಂದ ಹೊರಡುತ್ತವೆ. ಊರಿನ ಹೆಸರು, ಮಾಡಿದ ಆಚಾರಿಯ ಹೆಸರು, ಮನೆಯವರು ಆ ವಸ್ತುವಿಗೆ ಇಟ್ಟ ಹೆಸರು—ಎಲ್ಲವೂ ಹೊಸ್ತಿಲಿನಲ್ಲಿಯೇ ಕಳಚಿಬೀಳುತ್ತವೆ. ಪಟ್ಟಣದ ಅಂಗಡಿಯಲ್ಲಿ ಅವಕ್ಕೆ ಅಂಟುವ ಹೊಸ ಹೆಸರು ಕೊಳ್ಳುವವನ ಕಲ್ಪನೆಗೆ ತಕ್ಕುದಾಗಿರುತ್ತದೆ. ಅನಂತರ ಆ ವಸ್ತುವಿನಿಂದ ತುಳುನಾಡಿನ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಈ ದಿಕ್ಕಿನಲ್ಲಿ ಮಾಡಿರುವ ಕಾರ್ಯ ಶ್ಲಾಘ್ಯವಾದುದು. ಆದರೆ ಸಂಗ್ರಹಾಲಯವನ್ನು ಸೇರುವ ವಸ್ತುಗಳು ಕೆಲವೇ.

ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ, ಕೊಕ್ಕಡದಂಥ ಕಾಡಂಚಿನ ಊರುಗಳಿಂದ ಮೊದಲುಗೊಂಡು, ಮನೆಮನೆಯ ಮರದ ವಸ್ತುಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಕ್ಕ ಕಾರ್ಯವೆಂದು ಸೂಚಿಸಬಯಸುತ್ತೇವೆ. ವಸ್ತುವನ್ನು ಕೊಳ್ಳಬೇಕಾಗಿಲ್ಲ, ಸ್ಥಳದಿಂದ ಕದಲಿಸಬೇಕಾಗಿಲ್ಲ. ಯಾವ ಮರ, ಎಲ್ಲಿಯ ಮರ, ಬೆಸುಗೆ ಎಂಥದು, ಕೂಡಿಸಿದ ಕೆಲಸವೋ ಕೆತ್ತಿದ ಕೆಲಸವೋ, ತುಳುವಿನಲ್ಲಿ ಅದಕ್ಕೆ ಏನನ್ನುತ್ತಾರೆ, ಮಾಡಿದವರು ಯಾವ ಊರಿನ ಆಚಾರಿಗಳು—ಇಷ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು, ಅಳತೆಯನ್ನೂ ಚಿತ್ರವನ್ನೂ ತೆಗೆದಿಟ್ಟರೆ ಸಾಕು. ವಸ್ತುವಿನ ಹಿಂಬದಿಯನ್ನೂ ತಳವನ್ನೂ ತಪ್ಪದೆ ನೋಡಬೇಕು. ಮುಂಬದಿ ಕೊಳ್ಳುವವನಿಗಾಗಿ ಮಾಡಿದ್ದು, ಮಾಡಿದವನ ಕೈ ಕಾಣುವುದು ಹಿಂಬದಿಯಲ್ಲಿ.

ಮಘ್ರಿಬದ ವರ್ತಕನೊಬ್ಬನ ಪತ್ರಗಳು ಕೈರೋ ನಗರದಲ್ಲಿ ಉಳಿದುದರಿಂದ ಎಂಟು ಮೂಲೆಯ ದೀಪವನ್ನು ಬೇಡಿದವರ ಹೆಸರು ನಮಗೆ ತಿಳಿದಿದೆ. ಅಂಥ ದೀಪಗಳನ್ನು ಎರಕ ಹೊಯ್ದವರ ಹೆಸರುಗಳಿಗೆ ಪಂಡಿತರು ‘ಮೂರಿಷ್’ ಕಲೆಯ ಗ್ರಂಥಗಳಲ್ಲಿ ಸ್ಥಾನವನ್ನು ಕೊಟ್ಟಿಲ್ಲ. ಕಂಚುಗಾರನಿಗೆ ಆದುದು ಬಡಗಿಗೂ ಆಗದಂತೆ ನೋಡಿಕೊಳ್ಳಲು, ಹಳೆಯ ವಸ್ತುಗಳೂ ಅವುಗಳನ್ನು ಬಲ್ಲ ಹಿರಿಯರೂ ಇರುವಾಗಲೇ ಈ ಕೆಲಸ ಆರಂಭವಾಗುವುದು ಲೇಸು.